ನೂರು ವರ್ಷದ ಪಂಪ್ ಕೋವಿಗೆ ಉದ್ದ ತೋಟೆ: ಗೂಡು ಕೊರೆಸಿದರೆ ಸಾಲದು

ಚೇಂಬರ್, ಅಂದರೆ ನಳಿಕೆಯಲ್ಲಿ ತೋಟೆ ಕೂರುವ ಗೂಡನ್ನು ಉದ್ದ ಮಾಡಿಸಿದರೆ ಕೆಲಸ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹದಿನಾರು ಬೋರಿನ (ಬೋರು ಎಂದರೆ ನಳಿಕೆಯ ಅಗಲದ ಅಳತೆ) ವಿಂಚೆಸ್ಟರ್ ಮಾಡೆಲ್ 12 ಪಂಪ್ ಕೋವಿ ಮೊದಲ ದುರಸ್ತಿಯಿಂದ ಮರಳಿದಾಗ ಉದ್ದ ತೋಟೆಯನ್ನು ನುಂಗುತ್ತಿತ್ತು, ಹಾರಿಸುತ್ತಿತ್ತು, ಉಗುಳುತ್ತಿರಲಿಲ್ಲ. ಈಡು ಹೊಡೆದು ಪಂಪನ್ನು, ಅಂದರೆ ನಳಿಕೆಯ ಕೆಳಗಿನ ಜಾರುಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟೆಯ ಬಾಯಿ ಅದು ಹೊರಬೀಳುವ ಕಿಂಡಿಯ ಮುಂದಿನ ಅಂಚಿಗೆ ತಗಲಿ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಅಮೆರಿಕದ ಅಯೋವಾದ ಮೆಕ್ಕೆಜೋಳದ ಕೂಳೆ ಹೊಲದಲ್ಲಿ ಫೆಸೆಂಟ್ ಎಂಬ ಕಾಡುಕೋಳಿಯಂಥ ಹಕ್ಕಿಯ ಹುಂಜ ಕೂಗುತ್ತಾ ಎದ್ದಾಗ ಮೊದಲ ಈಡು ತಪ್ಪಿದರೆ ಎರಡನೆಯದಕ್ಕೆ ಸಿಗುವ ಸಮಯ ಎಷ್ಟು? ಹಕ್ಕಿ ಆಚೆ ಬೇಲಿ ದಾಟಿರುತ್ತದೆ, ನಾನು ಚಳಿಗೆ ಮರಗಟ್ಟಿದ ಬೆರಳಿನಿಂದ ಪ್ಲಾಸ್ಟಿಕ್ ಕೊಳವೆಯನ್ನು ಕೀಳುತ್ತಿರುತ್ತೇನೆ. ಇಡೀ ಒಂದು ಹಂಗಾಮು ಹೀಗೇ ಹಾಳಾಯಿತು.

ಈ ಕೋವಿಗೆ ಯಾಕೆ ಇಷ್ಟು ಪಾಡು ಎಂದರೆ, ಇದು 1920ರ ದಶಕದ ಆರಂಭದ್ದು. ಆಗ ಹದಿನಾರು ಬೋರಿನ ಗೂಡು 2 9/16 ಅಂಗುಲ, ಅಂದರೆ ಸುಮಾರು 65 ಮಿ.ಮೀ. ಇರುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವುದು 2¾ ಅಂಗುಲದ, 70 ಮಿ.ಮೀ. ತೋಟೆ. ಐದು ಮಿಲಿಮೀಟರ್ ತಾನೇ ಎನ್ನಿಸುತ್ತದೆ. ಆದರೆ ತೋಟೆಯ ಮೇಲೆ ಬರೆದಿರುವ ಉದ್ದ ಹಾರಿಸಿದ ಮೇಲಿನದು. ಹಾರಿಸುವ ಮೊದಲು ಅದರ ಬಾಯಿ ಮಡಚಿಕೊಂಡಿರುವುದರಿಂದ ಗಿಡ್ಡ ಗೂಡಿನಲ್ಲೂ ಅದು ಸಲೀಸಾಗಿ ಕೂರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಈಡು ಹೊರಟಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ನಳಿಕೆ ಕಿರಿದಾಗುವ ಇಳಿಜಾರಿನೊಳಕ್ಕೆ ಚಾಚಿಕೊಂಡು ಚರೆಯ ದಾರಿಯನ್ನೇ ಬಿಗಿಯುತ್ತದೆ. ಒಳಗಿನ ಒತ್ತಡ ಏರುತ್ತದೆ. ನನ್ನ ನಳಿಕೆಯ ಮೇಲೆ ‘ನಿಕಲ್ ಸ್ಟೀಲ್’ ಎಂದಿದೆ, ಬೋರು ಇದೆ, ಚೋಕ್ (ನಳಿಕೆಯ ತುದಿ ಎಷ್ಟು ಕಿರಿದು ಎಂಬುದು) ಇದೆ. ಗೂಡಿನ ಉದ್ದ ಮಾತ್ರ ಇಲ್ಲ. ನಂತರದ ವರ್ಷಗಳ ಕೋವಿಗಳಲ್ಲಿ 2¾ ಎಂದು ಅಚ್ಚೊತ್ತಿರುತ್ತಾರೆ. ಅಚ್ಚು ಇಲ್ಲದ ಹದಿನಾರು ಬೋರು ಕೈಗೆ ಬಂದರೆ ಅಳೆಸದೆ ಒಂದು ತೋಟೆಯನ್ನೂ ಹಾಕಬೇಡಿ.

ಗಿಡ್ಡ ತೋಟೆ ತರಿಸಿ ಬಳಸಬಹುದಿತ್ತು. ಆದರೆ ನನಗೆ ಪ್ರತಿ ಡಬ್ಬಿಗೂ ಅಷ್ಟು ದುಡ್ಡು ಕೊಟ್ಟು, ವಾರಗಟ್ಟಲೆ ಕಾದು ಬೇಟೆಗೆ ಹೋಗುವುದು ಒಗ್ಗಲಿಲ್ಲ. ಗೋಡೆಗೆ ನೇತುಹಾಕಲು ಕೊಂಡ ಕೋವಿಯೂ ಇದಲ್ಲ.

ಮೊದಲ ದುರಸ್ತಿಗಾರ ರೀಮರ್ ಎಂಬ ಕೊರೆಯುವ ಹತಾರ ಹಾಕಿ ಗೂಡನ್ನು ಕೊರೆದ, ಹಣ ತೆಗೆದುಕೊಂಡ, ಕಳುಹಿಸಿದ. ಸಿಕ್ಕಿಕೊಳ್ಳುತ್ತದೆ ಎಂದು ಫೋನ್ ಮಾಡಿದರೆ ‘ಹಳೆಯ ಕೋವಿ, ಸ್ವಲ್ಪ ಪಳಗಲಿ’ ಎಂದ. ನೂರು ವರ್ಷ ಪಳಗಿದ ಯಂತ್ರಕ್ಕೆ ಹೇಳುವ ಮಾತೇ ಇದು? 65 ಮಿ.ಮೀ. ತೋಟೆಗಾಗಿ ಕಟ್ಟಿದ ಈ ಕೋವಿಯಲ್ಲಿ ಹೊರಕಿಂಡಿಯೂ ಅದೇ ಅಳತೆಗೆ ಗಿಡ್ಡ. ಉದ್ದ ತೋಟೆ ಹೊರಬರಲು ಕಿಂಡಿಯೂ ಬೆಳೆಯಬೇಕು. ಈ ಕೆಲಸಕ್ಕೆ ಹಣ ಪಡೆಯುವವನಿಗೆ ಅಷ್ಟು ಗೊತ್ತಿರಲೇಬೇಕು.

ಎರಡನೆಯವರು ವಯಸ್ಸಾದವರು. ಕೋವಿ ಕೈಗೆತ್ತಿಕೊಂಡು ಮೊದಲು ಗೂಡಿನ ಸುತ್ತಲಿನ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಅಳೆದರು, ತೋಟೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಬಿಗಿಯಾಗಿ ಮುಚ್ಚುತ್ತಿದೆಯೇ ಎಂದು ಗೇಜಿನಿಂದ ನೋಡಿದರು. ಆಮೇಲೆ ಕಿಂಡಿಯ ಅಂಚನ್ನು ಸ್ವಲ್ಪ ಸ್ವಲ್ಪವೇ ಅರದಿಂದ ತೀಡಿ, ಪ್ರತಿ ಸಲವೂ ಖಾಲಿ ತೋಟೆ ಹಾಕಿ, ಒಮ್ಮೆ ನಿಧಾನ, ಒಮ್ಮೆ ಜೋರಾಗಿ ಪಂಪ್ ಎಳೆದು ನೋಡಿದರು. ತೀಡಿದ ಜಾಗಕ್ಕೆ ಮತ್ತೆ ನೀಲಿ ಬಣ್ಣ ಏರಿಸಿದರು. ಮೊದಲನೆಯವನಿಗಿಂತ ಹೆಚ್ಚೇ ಖರ್ಚಾಯಿತು. ಆ ಹಣದ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಹಲವು ಹಂಗಾಮು ಕಳೆದಿವೆ. ಕೆಂಪು ಕೊಳವೆ ಬಲಕ್ಕೆ ಚಿಮ್ಮಿ ಹುಲ್ಲಿನ ಮೇಲೆ ಬೀಳುತ್ತದೆ, ಒಂದೂ ಸಿಕ್ಕಿಕೊಂಡಿಲ್ಲ.

ಈ ಕೋವಿಯನ್ನು ನಾನು ಇಷ್ಟು ಪ್ರೀತಿಸುವುದು ಬೇಟೆಯ ನಂತರದ ಸಂಜೆಗೂ ಹೌದು. ತೋಟೆ ತುಂಬುವ ಕೊಳವೆಯ ತುದಿಯಲ್ಲಿ ಒಂದು ಚಿಕ್ಕ ಪಿನ್ ಇದೆ. ಅದನ್ನು ಒತ್ತಿ, ಕೊಳವೆಯನ್ನು ಕಾಲು ಸುತ್ತು ತಿರುಗಿಸಿ ಮುಂದಕ್ಕೆಳೆದು, ಆಮೇಲೆ ನಳಿಕೆಯನ್ನು ಕಾಲು ಸುತ್ತು ತಿರುಗಿಸಿದರೆ ಕೋವಿ ಎರಡಾಗಿ ಕೈಗೆ ಬರುತ್ತದೆ, ಯಾವ ಹತಾರವೂ ಬೇಕಿಲ್ಲ. ಅಡುಗೆಮನೆಯ ಮೇಜಿಗೆ ಹಳೆಯ ಪಂಚೆ ಹಾಸಿ, ಬ್ರಷ್ ಓಡಿಸಿ, ಬಟ್ಟೆ ತುಂಡು ಬೆಳ್ಳಗೆ ಹೊರಬರುವವರೆಗೂ ಒರೆಸುತ್ತೇನೆ. ನಳಿಕೆಯನ್ನು ದೀಪಕ್ಕೆ ಹಿಡಿದು ನೋಡಿದರೆ ಹೊಸದಾಗಿ ಕೊರೆದ ಗೂಡಿನ ಅಂಚು ತೆಳ್ಳನೆಯ ಬಳೆಯಂತೆ ಕಾಣುತ್ತದೆ. ಹದಿನಾರು ಬೋರಿನ ಮಾಡೆಲ್ 12 ಅನ್ನು ಅದಕ್ಕಿಂತ ಕಿರಿದಾದ ಇಪ್ಪತ್ತು ಬೋರಿನ ಚೌಕಟ್ಟಿನ ಮೇಲೆ ಕಟ್ಟಿದ್ದಾರೆ. ಆ ತೆಳುವು, ಆ ಹಗುರ ಇಡೀ ದಿನ ಹೊಲ ತುಳಿದವರಿಗೆ ಸಂಜೆ ಭುಜದಲ್ಲಿ ಗೊತ್ತಾಗುತ್ತದೆ.

ಅಸಮಾಧಾನವೂ ಇದೆ. ಗೂಡು ಉದ್ದವಾದ ಮಾತ್ರಕ್ಕೆ ಎಲ್ಲ ಉದ್ದ ತೋಟೆಯೂ ಇದಕ್ಕೆ ಆಗುವುದಿಲ್ಲ. ಅಯೋವಾದ ಹಲವು ಸರಕಾರಿ ಬೇಟೆ ಪ್ರದೇಶಗಳಲ್ಲಿ ಸೀಸದ ಚರೆ ನಿಷಿದ್ಧ. ಬಾತುಕೋಳಿ ಬೇಟೆಗಂತೂ 1991ರಿಂದ ಇಡೀ ದೇಶದಲ್ಲೇ ಇಲ್ಲ. ಉಕ್ಕಿನ ಚರೆ ಅಗ್ಗ, ಆದರೆ ಗಡುಸು. ಆ ಕಾಲದ ಬಿಗಿಯಾದ ಫುಲ್ ಚೋಕಿನಲ್ಲಿ ಅದನ್ನು ಹಾರಿಸಿದರೆ ನಳಿಕೆಯ ತುದಿ ಉಬ್ಬುವ ಅಪಾಯವಿದೆ. ಉಳಿದದ್ದು ಬಿಸ್ಮತ್, ಅದರ ಡಬ್ಬಿಯ ಬೆಲೆ ನೋಡಿದರೆ ಗಿಡ್ಡ ತೋಟೆಯೇ ವಾಸಿಯಿತ್ತೇನೋ ಅನ್ನಿಸುತ್ತದೆ. ಹಾಗಾಗಿ ನನ್ನ ಬೇಟೆ ಹೆಚ್ಚಾಗಿ ಪರಿಚಯದ ರೈತರ ಹೊಲಗಳಲ್ಲೇ. ಸಂಗ್ರಹಕಾರರ ಕಣ್ಣಿನಲ್ಲಿ ಇದರ ಬೆಲೆ ಇಳಿದಿರುವುದೂ ನಿಜ. ಮೂಲ ಸ್ಥಿತಿಯ, ಗೀರಿಲ್ಲದ ಕೋವಿ ನಿಮ್ಮಲ್ಲಿದ್ದರೆ ದಯವಿಟ್ಟು ಅರ ಮುಟ್ಟಿಸಬೇಡಿ. ಇನ್ನೊಂದು ಎಚ್ಚರಿಕೆ: ಟ್ರಿಗರ್ ಒತ್ತಿಹಿಡಿದೇ ಪಂಪ್ ಮುಂದಕ್ಕೆ ತಳ್ಳಿದರೆ ಮಾಡೆಲ್ 12ರಲ್ಲಿ ಈಡು ತಾನಾಗಿ ಹಾರುತ್ತದೆ. ಬೇರೆಯವರ ಕೈಗೆ ಕೊಡುವ ಮುನ್ನ ಇದನ್ನು ಹೇಳಲೇಬೇಕು.

ಊರಿನವರಿಗೆ ಒಂದು ಮಾತು. ಕೊಡಗಿನ ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್‌ಗೆ ಹೂವಿಟ್ಟು ಪೂಜಿಸುವ ಹಳೆಯ ಇಂಗ್ಲಿಷ್ ಜೋಡುನಳಿಕೆ ಕೋವಿಗೂ ಇದೇ ತೊಡಕು ಇದೆ. ಅಣ್ಣನಿಗೆ ಫೋನ್ ಮಾಡಿ ನಳಿಕೆ ಬಿಚ್ಚಿ ತಳಭಾಗ ನೋಡಿಸಿದೆ. 2½ ಎಂಬ ಅಚ್ಚಿದೆ. 70 ಮಿ.ಮೀ. ತೋಟೆ ಅದಕ್ಕೂ ಕೂರುತ್ತದೆ, ಅದೇ ಅಪಾಯ. ಹಾಗೆಂದು ಅದನ್ನು ಕೊರೆಸುವ ಮಾತಿಲ್ಲ. ಹಗುರ ಈಡಿಗೆಂದು ಪರೀಕ್ಷೆ ಮಾಡಿ ಮುದ್ರೆ ಒತ್ತಿದ ತೆಳು ನಳಿಕೆ ಅದು. ಅದಕ್ಕೆ 2½ ಅಂಗುಲದ (65 ಮಿ.ಮೀ. ಎಂದು ಮಾರುವ) ತೋಟೆ ಮಾತ್ರ ಎಂದು ಅಣ್ಣ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದಾನೆ.