ಸರ್ಚ್ ಕನ್ಸೋಲ್ ಜೊತೆ ಮೂರು ವರ್ಷ

ಬಸವನಗುಡಿಯ ಜಾತ್ರೆ, ಮರ, ಹಳೆಯ ಅಂಗಡಿಗಳ ಬಗ್ಗೆ ನಾನು ಬರೆಯುವ ಬ್ಲಾಗಿಗೆ ಓದುಗರನ್ನು ಹೆಚ್ಚಿಸಿಕೊಳ್ಳಲು ಮೂರು ವರ್ಷಗಳಿಂದ ಗೂಗಲ್ ಸರ್ಚ್ ಕನ್ಸೋಲ್ ಬಳಸುತ್ತಿದ್ದೇನೆ. ಮೊದಲು ವೆಬ್‌ಮಾಸ್ಟರ್ ಟೂಲ್ಸ್ ಎಂದಿದ್ದು 2015ರಲ್ಲಿ ಹೆಸರು ಬದಲಾದ, ಗೂಗಲ್ ಹುಡುಕಾಟದಲ್ಲಿ ನಮ್ಮ ಬರಹಗಳು ಹೇಗೆ ಕಾಣಿಸಿಕೊಳ್ಳುತ್ತವೆಂದು ತೋರಿಸುವ ಈ ಉಚಿತ ಸಾಧನವನ್ನು ಬ್ಲಾಗಿಗೆ ಜೋಡಿಸುವ ವಿಧಾನ ಎಲ್ಲೆಡೆ ಸಿಗುತ್ತದೆ. ಅದನ್ನು ಇಲ್ಲಿ ವಿವರಿಸುವುದಿಲ್ಲ. ನನ್ನನ್ನು ಹಿಡಿದಿಟ್ಟದ್ದು ಅದರ ಒಂದೇ ಒಂದು ಪುಟ: ಜನ ಯಾವ ಮಾತು ಬರೆದು ಹುಡುಕಿದರು ಎಂಬ ಪಟ್ಟಿ.

ಪ್ರತಿ ಸೋಮವಾರ ಬೆಳಿಗ್ಗೆ, ಮನೆಯವರು ಏಳುವ ಮುನ್ನ, ಆ ಪಟ್ಟಿಯನ್ನು ತೆರೆದು ಗೆರೆ ಪುಸ್ತಕದ ಎಡಭಾಗದಲ್ಲಿ ಹುಡುಕಿದ ಮಾತನ್ನೂ, ಬಲಭಾಗದಲ್ಲಿ ನನ್ನ ಬರಹ ಎಷ್ಟು ಬಾರಿ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿ ಒಳಬಂದರು ಎಂಬುದನ್ನೂ ಬರೆದುಕೊಳ್ಳುತ್ತೇನೆ. ಕನ್ಸೋಲ್ 16 ತಿಂಗಳ ಅಂಕಿಗಳನ್ನು ಮಾತ್ರ ತೋರಿಸುವುದರಿಂದ ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯನ್ನು ಹಿಂದಿನ ವರ್ಷದ ಪರಿಷೆಯೊಡನೆ ಹೋಲಿಸಬಹುದು. ಅದಕ್ಕೂ ಹಿಂದಿನದು ಬೇಕೆಂದರೆ ನನ್ನ ಪುಸ್ತಕವೇ ಗತಿ.

ಮೊದಲ ವರ್ಷ ನಾನು ಪರಿಷೆಯ ಬರಹಕ್ಕೆ ‘ಕಡಲೆಕಾಯಿಯ ವೈಭವ’ ಎಂದು ಹೆಸರಿಟ್ಟಿದ್ದೆ. ಅದು ಹುಡುಕಾಟದಲ್ಲಿ ಕಾಣಿಸಿಕೊಳ್ಳುತ್ತಿತ್ತು, ಆದರೆ ಒತ್ತುವವರು ವಿರಳವಾಗಿದ್ದರು. ಪಟ್ಟಿಯಲ್ಲಿ ನೋಡಿದರೆ ಜನ ಕೇಳುತ್ತಿದ್ದದ್ದು ‘ಬಸವನಗುಡಿ ಪರಿಷೆ ಯಾವಾಗ’ ಎಂದು. ಶೀರ್ಷಿಕೆಯನ್ನು ಅವರದೇ ಮಾತಿಗೆ ಬದಲಿಸಿ, ಉತ್ತರವನ್ನು ಮೊದಲ ಸಾಲಿನಲ್ಲೇ ಕೊಟ್ಟ ಮೇಲೆ ಅದೇ ಬರಹಕ್ಕೆ ಓದುಗರು ಬರತೊಡಗಿದರು. ಎಷ್ಟೋ ಮಂದಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುತ್ತಾರೆಂಬುದೂ ಅಲ್ಲಿಯೇ ತಿಳಿಯಿತು. ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆಯ ಬರಹಕ್ಕೆ ‘ಬ್ಲಾಗ್-ಪೋಸ್ಟ್’ ಎಂಬ ಅರ್ಥವಿಲ್ಲದ ವೆಬ್ ವಿಳಾಸ ತಾನಾಗಿ ಬರುತ್ತದೆ. ಆದ್ದರಿಂದ ಈಗ ಪ್ರಕಟಿಸುವ ಮುನ್ನವೇ ಪರಿಷೆ, ಕರಗ ಮುಂತಾದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ವಿಳಾಸಕ್ಕೆ ಸೇರಿಸುತ್ತೇನೆ.

ಇಷ್ಟಕ್ಕೇ ತೃಪ್ತಳಾಗದೆ ಎರಡನೆಯ ವರ್ಷ ನಗರದ ಒಂದು ಪ್ರಚಾರ ಸಂಸ್ಥೆಗೆ ತಿಂಗಳಿಗೆ ಆರು ಸಾವಿರ ರೂಪಾಯಿಯಂತೆ ನಾಲ್ಕು ತಿಂಗಳು ಹಣ ಕೊಟ್ಟೆ. ಗೂಗಲ್ ಹುಡುಕಾಟದ ಮೊದಲ ಪುಟಕ್ಕೆ ತರುತ್ತೇವೆ ಎಂದಿದ್ದರು. ತಿಂಗಳ ಕೊನೆಗೆ ಬಣ್ಣಬಣ್ಣದ ವರದಿ ಕಳುಹಿಸುತ್ತಿದ್ದರು. ಒಂದು ಸೋಮವಾರ ಕನ್ಸೋಲ್‌ನ ಲಿಂಕ್ಸ್ ವಿಭಾಗ ತೆರೆದಾಗ ನನ್ನ ಪರಿಷೆಯ ಬರಹಕ್ಕೆ ಪರದೇಶದ ಜೂಜಿನ ತಾಣಗಳಿಂದ ಕೊಂಡಿಗಳು ಸಾಲುಗಟ್ಟಿದ್ದವು. ಹುಡುಕಾಟದಲ್ಲಿ ಮೇಲೆ ಬರಲು ಹೀಗೆ ಕೊಂಡಿಗಳನ್ನು ಕೊಳ್ಳುವುದು ಗೂಗಲ್‌ನ ನಿಯಮಗಳಿಗೆ ವಿರುದ್ಧ. ಅಜ್ಜಿಯ ಕೈ ಹಿಡಿದು ನಾನು ಹೋಗುತ್ತಿದ್ದ ಜಾತ್ರೆಯ ಬರಹ ಅಂಥ ಪುಟಗಳ ನಡುವೆ ನೇತಾಡುತ್ತಿರುವುದನ್ನು ಕಂಡು ಅಂದು ನನಗೆ ಊಟ ಸೇರಲಿಲ್ಲ. ಹಣ ವಾಪಸಾಗಲಿಲ್ಲ. ಸಣ್ಣ ಬ್ಲಾಗುಗಳವರು ಇಂಥ ಸೇವೆಗೆ ಒಂದು ರೂಪಾಯಿಯನ್ನೂ ಕೊಡಬಾರದೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಉಚಿತ ಪಟ್ಟಿಗೆ ಮರಳಿದ್ದೇನೆ. ಅದರಲ್ಲೂ ಮಿತಿಗಳಿವೆ: ಅಂತಿಮ ಅಂಕಿಗಳು ಎರಡು ಮೂರು ದಿನ ತಡವಾಗಿ ಬರುತ್ತವೆ, ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಖಾಸಗಿತನದ ದೃಷ್ಟಿಯಿಂದ ತೋರಿಸುವುದಿಲ್ಲ. ಹಾಗಿದ್ದರೂ ಕಳೆದ ಕಾರ್ತಿಕದಲ್ಲಿ ‘ಪರಿಷೆಗೆ ಮೆಟ್ರೊದಲ್ಲಿ ಹೋಗುವುದು ಹೇಗೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಕಂಡದ್ದರಿಂದ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರ್ ಹಾದು ದೊಡ್ಡ ಬಸವಣ್ಣನ ಗುಡಿಯವರೆಗೆ ನಾನೇ ನಡೆದು, ಎಲ್ಲಿ ತಿರುಗಬೇಕು, ವಯಸ್ಸಾದವರು ಎಲ್ಲಿ ಕೂತು ಸುಧಾರಿಸಿಕೊಳ್ಳಬಹುದು ಎಂಬುದನ್ನು ಬರೆದು ಹಾಕಿದೆ. ಪರಿಷೆಯ ವಾರ ನನ್ನ ಬ್ಲಾಗಿನಲ್ಲಿ ಅತಿ ಹೆಚ್ಚು ಓದಿಸಿಕೊಂಡದ್ದು ಆ ಬರಹ.