ಸಣ್ಣ ಮಕ್ಕಳನ್ನು ಕೊಲಂಬಸ್ (ಓಲಾಡುವ ಹಡಗಿನ ರೈಡ್) ಹತ್ತಿಸುವವರು ಇದನ್ನು ಓದಿ

ಮಂಗಳೂರಿನಲ್ಲಿ ಎಕ್ಸಿಬಿಷನ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಓದಿ. ಟಿಕೆಟ್ ಕೌಂಟರ್‌ನಲ್ಲಿ ಹೇಳುವ ಒಂದು ಮಾತನ್ನೂ ನಂಬಬೇಡಿ. ಒಂದನ್ನೂ. ಬರೆಯುವಾಗ ಈಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ.

ನನ್ನ ಮಗಳಿಗೆ ಆರು ವರ್ಷ. ಪುಕ್ಕಲಿ ಅಲ್ಲ. ಅದೇ ಸಂಜೆ ಡ್ರ್ಯಾಗನ್ ಟ್ರೈನ್‌ನಲ್ಲಿ ಕಣ್ಣು ಮುಚ್ಚಿ ಕಿರುಚಿದವಳು ಇಳಿದ ಕೂಡಲೇ "ಇನ್ನೊಮ್ಮೆ" ಎಂದಳು. ಆ ಹೆದರಿಕೆಯಲ್ಲಿ ಖುಷಿ ಇರುತ್ತದೆ, ಮಕ್ಕಳಿರುವವರಿಗೆಲ್ಲ ಗೊತ್ತು. ಕೊಲಂಬಸ್ ನೋಡಿ ಅವಳೇ ಕೇಳಿದಳು, "ಹೆದರಿಕೆ ಆದ್ರೆ ನಿಲ್ಲಿಸ್ತಾರಾ ಪಪ್ಪಾ?" ಕೌಂಟರ್‌ನವನನ್ನು ಕೇಳಿದೆ. "ಖಂಡಿತ ಸಾರ್, ಕೈ ಎತ್ತಿದ್ರೆ ಸಾಕು, ನಿಲ್ಲಿಸ್ತೇವೆ. ಇದಕ್ಕಿಂತ ಸಣ್ಣ ಮಕ್ಕಳು ದಿನಾ ಕೂರ್ತಾರೆ." ಬಿಡಿ ಟಿಕೆಟ್ ಇಲ್ಲ, ಕಾಂಬೋ ಮಾತ್ರ ಎಂದ. ತಲೆಗೆ ನಾನೂರು. ಕೊಟ್ಟೆ.

ಗೇಟಿನಲ್ಲಿ ಎತ್ತರ ಅಳೆಯುವ ಬೋರ್ಡ್ ಇತ್ತು. ಅದರ ಮೇಲೆ ಯಾರದೋ ಶರ್ಟ್ ನೇತು ಹಾಕಿದ್ದರು. ಅಳೆಯುವುದು ಬಿಡಿ, ಗೇಟಿನಲ್ಲಿದ್ದ ಹುಡುಗ ನನ್ನ ಮಗಳ ಮುಖ ಕೂಡ ನೋಡಲಿಲ್ಲ. ಮಧ್ಯದ ಸಾಲು ಕೊಡಿ ಎಂದೆ, ಅಲ್ಲಿ ಓಲಾಟ ಕಡಿಮೆ ಅಲ್ವಾ. "ಮಧ್ಯೆ ಫುಲ್" ಎಂದು ತುದಿಯ ಸಾಲಿಗೆ ಕಳಿಸಿದ. ಅತಿ ಎತ್ತರಕ್ಕೆ ಹೋಗುವುದೇ ಅದು.

ಈಗ ಕಂಬಿಯ ವಿಷಯ. ಇದನ್ನು ಸರಿಯಾಗಿ ಓದಿ. ಇಡೀ ಸಾಲಿಗೆ ಒಂದೇ ಕಂಬಿ. ಅದು ದೊಡ್ಡವರ ತೊಡೆಗೆ ತಾಗಿ ನಿಂತುಬಿಡುತ್ತದೆ. ನನಗೆ ಬಿಗಿಯಾಗಿತ್ತು. ಮಗಳ ತೊಡೆಗೂ ಕಂಬಿಗೂ ನಡುವೆ ನನ್ನ ಎರಡು ಮುಷ್ಟಿ ಹಿಡಿಸುವಷ್ಟು ಜಾಗ. ಹುಡುಗನನ್ನು ಕರೆದು ತೋರಿಸಿದೆ. ಕಂಬಿಯನ್ನು ಒಮ್ಮೆ ಅಲ್ಲಾಡಿಸಿ "ಲಾಕ್ ಆಗಿದೆ ಸಾರ್, ಏನಾಗಲ್ಲ" ಎಂದು ಹೋದ. ಇಳಿಯುತ್ತೇವೆ ಎನ್ನುವಷ್ಟರಲ್ಲಿ ಶುರು.

ಹಡಗು ಮೇಲೆ ಹೋಗಿ ತಿರುಗುವಾಗ ಮೈ ಹಗುರಾಗಿ ಸೀಟಿನಿಂದ ಏಳುತ್ತದೆ. ದೊಡ್ಡವರನ್ನು ಕಂಬಿ ತಡೆಯುತ್ತದೆ. ಮಗು ಪೂರ್ತಿ ಎದ್ದಳು. ಪೂರ್ತಿ. ಒಂದು ಕೈಯಲ್ಲಿ ಅವಳ ಸೊಂಟ ಹಿಡಿದು ಇನ್ನೊಂದು ಕೈ ಎತ್ತಿ ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದೆ. ಮನೆಯಲ್ಲಿ ನಾವು ತುಳು ಮಾತಾಡುವುದು. "ಬೊಡ್ಚಿ ಪಪ್ಪಾ, ಬೊಡ್ಚಿ" ಎಂದು ಅವಳು ಒಂದೇ ಸಮ ಅಳುತ್ತಿದ್ದಳು. ಬೇಡ, ಬೇಡ ಎಂದು. ಸ್ವಿಚ್ ಹತ್ತಿರ ಇದ್ದವನು ನಮ್ಮನ್ನು ನೋಡಿದ. ಖಂಡಿತ ನೋಡಿದ. ಯಾಕೆಂದರೆ ಮೈಕ್‌ನಲ್ಲಿ "ಪಾಪು ಹೆದರಿತು ನೋಡಿ! ಇನ್ನೂ ಜೋರು ಬೇಕಾ?" ಎಂದು ಕೂಗಿದ. ಕೆಳಗೆ ನಿಂತವರು "ಬೇಕು" ಎಂದರು. ಅವನು ಜೋರು ಮಾಡಿದ.

ನನ್ನ ಮಗಳ ಅಳುವನ್ನು ತೋರಿಸಿ ಜನ ಸೇರಿಸಿದ ಅವನು. ಆಗ ಗೊತ್ತಾಯಿತು, ಕೈ ಎತ್ತಿದರೆ ನಿಲ್ಲಿಸುತ್ತೇವೆ ಎಂದದ್ದು ಸುಮ್ನೆ ಟಿಕೆಟ್ ಮಾರಲಿಕ್ಕೆ.

ಇಳಿದ ಮೇಲೆ ಮ್ಯಾನೇಜರ್ ಹತ್ತಿರ ಹೋದೆ. ಮೊದಲ ಉತ್ತರ: "ಮಧ್ಯೆ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಸಾರ್." ಸುಳ್ಳು. ಕೆಳಗೆ ಟೈರ್ ಉಜ್ಜಿಯೇ ಆ ಹಡಗು ಓಡುವುದು, ಅದೇ ಟೈರ್ ಉಜ್ಜಿ ನಿಲ್ಲಿಸುವುದು. ಟೈಮ್ ಮುಗಿದಾಗ ನಾಲ್ಕೈದು ಓಲಾಟದಲ್ಲಿ ನಿಂತಿತಲ್ಲ? ಎರಡನೆಯದು: "ಹೆದರ್ಲಿಕ್ಕೇ ಅಲ್ವಾ ಸಾರ್ ಮಕ್ಕಳು ಬರುವುದು?" ಮೂರನೆಯದು: "ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ." ಅಹಮದಾಬಾದ್‌ನ ಕಂಕಾರಿಯಾದಲ್ಲಿ 2019ರ ಜುಲೈಯಲ್ಲಿ ಇಂಥದ್ದೇ ಓಲಾಡುವ ರೈಡ್ ಮುರಿದು ಇಬ್ಬರು ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ಮೊಹಾಲಿಯ ಮೇಳದಲ್ಲಿ ರೈಡ್ ಮೇಲಿಂದ ಜನರ ಸಮೇತ ಕೆಳಗೆ ಬಿತ್ತು. ಅಲ್ಲಿಯೂ ಹಿಂದಿನ ದಿನದವರೆಗೆ ಏನೂ ಆಗಿರಲಿಲ್ಲ, ಅಲ್ವಾ? ಇದನ್ನು ಹೇಳಿದ್ದಕ್ಕೆ ಟಿಕೆಟ್ ತಿರುಗಿಸಿ ತೋರಿಸಿದ. ಹಿಂದೆ ಇರುವೆಯಷ್ಟು ಅಕ್ಷರ, "ಸ್ವಂತ ಜವಾಬ್ದಾರಿ". ಉಳಿದ ರೈಡ್‌ಗಳ ಹಣ? "ಕಾಂಬೋ ವಾಪಸ್ ಇಲ್ಲ. ನಾಳೆ ಬನ್ನಿ, ಪಾಪುಗೆ ಅಭ್ಯಾಸ ಆಗ್ತದೆ."

ಅಭ್ಯಾಸ ಅಂತೆ! ಈಗ ಅವಳು ಕದ್ರಿ ಪಾರ್ಕ್‌ನ ಉಯ್ಯಾಲೆಯಲ್ಲಿ ಕೂಡ ಕೂರುವುದಿಲ್ಲ. ದುಡ್ಡು ಹೋಗಲಿ. ಇದಕ್ಕೆ ಯಾರು ಜವಾಬ್ದಾರಿ?

ಹೋಗುವುದಾದರೆ ಒಂದು ಕೆಲಸ ಮಾಡಿ. ಕಂಬಿ ಹಾಕಿದ ಮೇಲೆ ಮಗುವಿನ ತೊಡೆ ಹತ್ತಿರ ಕೈ ಹಾಕಿ ನೋಡಿ. ಜಾಗ ಇದ್ದರೆ ಆಗಲೇ ಕೂಗಿ ಕಂಬಿ ತೆಗೆಸಿ ಇಳಿಯಿರಿ, ಹಿಂದಿನವರು ಬೈದರೆ ಬೈಯಲಿ. ಕೌಂಟರ್‌ನವನ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟಿಕೆಟ್ ಬಿಸಾಡಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಪಾಲಿಕೆಗೂ ಬರೆದು ಕೊಟ್ಟಿದ್ದೇನೆ. ನಿಮಗೂ ಹೀಗೆ ಆಗಿದ್ದರೆ ನೀವೂ ಕೊಡಿ. ನನ್ನ ಒಬ್ಬನ ದೂರಿಗೆ ಅವರು ಹೆದರುವವರಲ್ಲ.