ನೆಲಮಾಳಿಗೆಯಲ್ಲಿ ರೈಲು ಓಡಿಸುವ ಆಸೆ ಇರುವವರು ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ

ಮನೆಯ ಸೆಲ್ಲಾರಿನಲ್ಲಿ ಮಾದರಿ ರೈಲಿನ ಲೇಔಟ್ ಮಾಡಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ, ದಯವಿಟ್ಟು ಸಾಮಾನು ಕೊಳ್ಳುವ ಮೊದಲು ಇದನ್ನು ಓದಿ. ಲೇಔಟ್ ಎಂದರೆ ಸೈಟಿನ ಲೇಔಟ್ ಅಲ್ಲ. ಮೇಜಿನ ಮೇಲೆ ಹಳಿ, ಸ್ಟೇಷನ್, ಸೇತುವೆ, ಗುಡ್ಡ ಎಲ್ಲ ಮಾಡಿ ಪುಟ್ಟ ರೈಲು ಓಡಿಸುವುದು. ನಾನು ಏಳು ತಿಂಗಳು ಕೂತು ಕಟ್ಟಿದ್ದನ್ನು ಎರಡು ಭಾನುವಾರಗಳಲ್ಲಿ ಗರಗಸದಿಂದ ಕೊಯ್ದು ಹೊರಗೆ ಸಾಗಿಸಿದೆ. ಸುಮಾರು 1 ಲಕ್ಷ 80 ಸಾವಿರ ರೂಪಾಯಿ ಹೋಯಿತು. ನಿಮಗೆ ಹೀಗಾಗುವುದು ಬೇಡ.

ನಮ್ಮ ಮನೆ ಮೈಸೂರಿನ ವಿಜಯನಗರದಲ್ಲಿದೆ. ಸೈಟು ಇಳಿಜಾರಾಗಿತ್ತು. ಮಣ್ಣು ತುಂಬಿಸುವ ಖರ್ಚಿಗೆ ಇನ್ನೊಂದಿಷ್ಟು ಸೇರಿಸಿ ಸೆಲ್ಲಾರ್ ಮಾಡಿಸಿಕೊಳ್ಳಿ ಎಂದರು ಕಂಟ್ರಾಕ್ಟರ್. ಹಾಗೆ 20 ಅಡಿ ಉದ್ದ, 14 ಅಡಿ ಅಗಲದ ಒಂದು ಕೋಣೆ ಸಿಕ್ಕಿತು. ನನ್ನ ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ರಜೆ ಬಂತೆಂದರೆ ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿ ಮನೆ ನಂಜನಗೂಡಿನಲ್ಲಿತ್ತು. ಮೀಟರ್ ಗೇಜ್ ಗಾಡಿ ಕಪಿಲಾ ನದಿಯ ಹಳೇ ಸೇತುವೆ ಹತ್ತಿದಾಗ ಅಪ್ಪ ನನ್ನನ್ನು ಕಿಟಕಿ ಪಕ್ಕ ನಿಲ್ಲಿಸುತ್ತಿದ್ದರು. 1735ರಲ್ಲಿ ಕಟ್ಟಿದ ಸೇತುವೆ ಅದು. ಒಂದೇ ಸೇತುವೆಯ ಮೇಲೆ ರೈಲೂ ಹೋಗುತ್ತಿತ್ತು, ಬಸ್ಸೂ ಹೋಗುತ್ತಿತ್ತು. ಅಪ್ಪ ಈಗಿಲ್ಲ. ಆ ಸೇತುವೆಯ ಮೇಲೆ ಗಾಡಿಯೂ ಇಲ್ಲ. ಸೆಲ್ಲಾರಿನಲ್ಲಿ ನಾನು ಮಾಡಲು ಹೊರಟಿದ್ದು ಅದನ್ನೇ.

ಕೆಲಸ ಶುರು ಮಾಡಿದ್ದು ಫೆಬ್ರವರಿಯಲ್ಲಿ. ಸೆಲ್ಲಾರ್ ಆಗ ಒಣಗಿ ಬೆಚ್ಚಗಿತ್ತು, ಗೋಡೆ ಮುಟ್ಟಿದರೆ ಸುಣ್ಣದ ಪುಡಿ ಕೈಗೆ ಬರುತ್ತಿತ್ತು. ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ ಅಂದುಕೊಂಡೆ. ನನ್ನ ಮೊದಲ ತಪ್ಪು ಅದೇ. ಫೆಬ್ರವರಿಯಲ್ಲಿ ಮೈಸೂರಿನ ಯಾವ ಸೆಲ್ಲಾರ್ ನೋಡಿದರೂ ಒಣಗಿಯೇ ಇರುತ್ತದೆ. ನೋಡಬೇಕಾದದ್ದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಇನ್ನು ಪ್ಲಾನ್ ವಿಷಯ. ನಾನು ಆರಿಸಿಕೊಂಡದ್ದು ಎಚ್‌ಒ ಸ್ಕೇಲ್, ಅಂದರೆ ನಿಜವಾದ ಅಳತೆಯ 87ನೇ ಒಂದು ಭಾಗ. ಮೀಟರ್ ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್, ಅದನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತದೆ. ಅದಕ್ಕೆ 12 ಮಿ.ಮೀ. ಹಳಿ ಇದೆ, ಆದರೆ ನಮ್ಮಲ್ಲಿ ಸಿಗುವುದು ಕಷ್ಟ. ಹಾಗಾಗಿ ಎಲ್ಲರೂ ಬಳಸುವ 16.5 ಮಿ.ಮೀ. ಹಳಿಯನ್ನೇ ತೆಗೆದುಕೊಂಡೆ. ಅದರಲ್ಲಿ ತಪ್ಪೇನಿಲ್ಲ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಬಂದದ್ದು ತಿರುವಿನಲ್ಲಿ. ಸೆಟ್ಟಿನ ಜೊತೆ ಬರುವ ಹಳಿಯ ತಿರುವು ಸಾಮಾನ್ಯವಾಗಿ 18 ಇಂಚು ತ್ರಿಜ್ಯದ್ದು. ನಮ್ಮ ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಕೋಚ್ 21 ಮೀಟರಿಗಿಂತ ಉದ್ದ. ಈ ಸ್ಕೇಲಿನಲ್ಲಿ ಅದು 245 ಮಿ.ಮೀ. ಆಗುತ್ತದೆ. ಅಷ್ಟುದ್ದದ ಬೋಗಿ 18 ಇಂಚಿನ ತಿರುವಿನಲ್ಲಿ ಒದ್ದಾಡುತ್ತದೆ. ಅದಕ್ಕೆ 24 ಇಂಚು ಇಟ್ಟೆ. ಅರ್ಧ ಸುತ್ತು ತಿರುಗಲು 48 ಇಂಚು, ಆ ಕಡೆ ಈ ಕಡೆ ಅಂಚಿಗೆ ಮೂರು ಮೂರು ಇಂಚು. ಒಟ್ಟು ನಾಲ್ಕೂವರೆ ಅಡಿ ಅಗಲದ ಮೇಜು ಬೇಕಾಯಿತು.

ಈ ನಾಲ್ಕೂವರೆ ಅಡಿ ಮೇಜನ್ನು ಕೋಣೆಯ ಮಧ್ಯದಲ್ಲಿಟ್ಟು ಸುತ್ತಲೂ ಓಡಾಡಲು ಜಾಗ ಬಿಡಬಹುದಿತ್ತು. ನಾನು ಪೂರ್ವದ ಗೋಡೆಗೆ ಒತ್ತಿಸಿಬಿಟ್ಟೆ. ಇನ್ನೊಂದು ಪಕ್ಕ ಸ್ಕೂಟರ್ ಇಳಿಸಬಹುದು, ಹಳೇ ಬೀರು ಇಡಬಹುದು ಅನ್ನುವ ಲೆಕ್ಕ. ಕಬ್ಬಿಣದ ಕಾಲು ಮುಂದೆ ಮಾತ್ರ ಕೊಡಿಸಿದೆ. ಹಿಂದೆ ಗೋಡೆಗೇ ಉದ್ದಕ್ಕೂ ರೀಪರ್, ಅಂದರೆ ಮರದ ಪಟ್ಟಿ, ಹೊಡೆಸಿ ಅದರ ಮೇಲೆ ಮೇಜು ಕೂರಿಸಿದೆವು. ಅದಕ್ಕೆ ಗೋಡೆಯಲ್ಲಿ 14 ಡ್ರಿಲ್ ತೂತು. ಪ್ಲೈವುಡ್ ಯಾವುದು ಅಂತ ಬಡಗಿಯನ್ನು ಕೇಳಿದಾಗ ಅವರು ಹೇಳಿದರು, "ಒಳಗಡೆ ಇರೋದಲ್ವಾ ಸಾರ್, ಕಮರ್ಷಿಯಲ್ ಸಾಕು." ಸಾಕು ಅಂದೆ. ಕಮರ್ಷಿಯಲ್ ಅಂತ ಮಾರುವುದು ಎಂಆರ್ ಗ್ರೇಡ್. ಸ್ವಲ್ಪ ತೇವಕ್ಕೆ ತಡೆಯುತ್ತದೆ, ನೀರಿಗಲ್ಲ. ನೀರಿಗೆ ತಡೆಯಬೇಕೆಂದರೆ ಬಿಡಬ್ಲ್ಯೂಪಿ ಗ್ರೇಡ್ ಬೇಕು, ಮರೀನ್ ಪ್ಲೈ ಅಂತ ಕೇಳಿದರೆ ತೋರಿಸುತ್ತಾರೆ. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿಕೊಳ್ಳಿ.

ಮನುಷ್ಯನ ಕೈ ಮೇಜಿನ ಮೇಲೆ ಆರಾಮಾಗಿ ಎಟಕುವುದು ಎರಡೂವರೆ ಅಡಿ. ಆಚೆಗಿನ ಎರಡಡಿ ನನಗೆ ಎಟಕುತ್ತಿರಲಿಲ್ಲ. ಆ ಕಡೆ ಗುಡ್ಡ ಮಾಡಿ ಮುಚ್ಚಿದೆ. ಅಂದರೆ ಗೋಡೆಯನ್ನೂ ಮುಚ್ಚಿದೆ.

ಸೇತುವೆಗೆ ಎರಡು ತಿಂಗಳು ಹಿಡಿಯಿತು. ನಂಜನಗೂಡಿಗೆ ಮೂರು ಸಲ ಹೋಗಿ ನದಿ ದಡದಿಂದ ಫೋಟೋ ತೆಗೆದೆ. ಅದರ ಕಮಾನುಗಳು ತುದಿಯಲ್ಲಿ ಚೂಪಾಗುತ್ತವೆ. ಅಷ್ಟೂ ಮಾಡಲು ಜಾಗ ಇರಲಿಲ್ಲ, 9 ಕಮಾನು ಮಾಡಿದೆ. ಒಂದೊಂದಕ್ಕೂ ರಟ್ಟು ಕತ್ತರಿಸಿ ನಾಲ್ಕು ಪದರ ಅಂಟಿಸಿ, ಮೇಲೆ ತೆಳ್ಳಗೆ ಪ್ಲಾಸ್ಟರ್ ಬಳಿದು, ಅದು ಹಸಿ ಇರುವಾಗಲೇ ಸೂಜಿಯಲ್ಲಿ ಕಲ್ಲಿನ ಗೆರೆ ಕೊರೆದೆ. ಮಗಳು ಪಕ್ಕದಲ್ಲಿ ಕೂತು ನೀರಿನ ಮಟ್ಟದಲ್ಲಿ ಪಾಚಿ ಬಣ್ಣ ಹಚ್ಚುತ್ತಿದ್ದಳು. ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಬಂದ ಮಕ್ಕಳಿಗೆ ಗೊಂಬೆ ಬಾಗಿನ ಕೊಟ್ಟು, ಆಮೇಲೆ ಕೆಳಗೆ ಕರೆದುಕೊಂಡು ಹೋಗಿ ಸೇತುವೆ ಮೇಲೆ ರೈಲು ಓಡಿಸಿ ತೋರಿಸೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು.

ಆಗಸ್ಟ್‌ನಲ್ಲಿ ಗಾಡಿ ಹಳಿ ತಪ್ಪಲು ಶುರುವಾಯಿತು. ಬೇರೆ ಎಲ್ಲೂ ಇಲ್ಲ, ಹಿಂದಿನ ಗೋಡೆ ಪಕ್ಕದ ಏರಿನಲ್ಲಿ ಮಾತ್ರ. ನಾನು ಚಕ್ರದ ಅಳತೆ ನೋಡಿದೆ. ಹಳಿ ಕೂಡುವ ಜಾಗ ಅರದಲ್ಲಿ ಉಜ್ಜಿದೆ. ಹಳಿ ಕೂಡಿಸುವ ಜಾಯಿನರ್ ಬದಲಾಯಿಸಿದೆ. ಅಲ್ಲಿಗೆ ಬೇರೆ ತಂತಿ ಎಳೆದು ಕರೆಂಟ್ ಕೊಟ್ಟೆ. ಮೂರು ಭಾನುವಾರ ಹೀಗೇ ಹೋಯಿತು. ಏರು ಇಟ್ಟಿದ್ದು 100 ಇಂಚಿಗೆ 2 ಇಂಚು. ಕೊನೆಗೆ ಮಟ್ಟಗೋಲು ಇಟ್ಟು ನೋಡಿದರೆ ಒಂದು ಕಡೆ ಅದು 4 ಇಂಚಿನ ಲೆಕ್ಕಕ್ಕೆ ಏರಿತ್ತು. ಹಳಿ ಸರಿಯಾಗಿಯೇ ಇತ್ತು, ಅಡಿಯ ಪ್ಲೈವುಡ್ ಉಬ್ಬಿತ್ತು. ಆಗಲೂ ನನಗೆ ಹೊಳೆಯಲಿಲ್ಲ. ಹಲಗೆ ಚೆನ್ನಾಗಿಲ್ಲ ಅಂತ ಬಡಗಿಯ ಮೇಲೆ ಸಿಟ್ಟು ಮಾಡಿಕೊಂಡೆ.

ಕಂಡುಹಿಡಿದದ್ದು ಅಮ್ಮ. ಗೊಂಬೆ ಪೆಟ್ಟಿಗೆ ತೆಗೆಯಲು ಕೆಳಗೆ ಬಂದವರು ಮೆಟ್ಟಿಲ ಮೇಲೇ ನಿಂತರು. "ಏನೋ ಮುಗ್ಗಲು ವಾಸನೆ ಕಣೋ, ನಿಂಗೆ ಬರ್ತಿಲ್ವಾ?" ದಿನಾ ಅಲ್ಲೇ ಕೂರುವ ನನಗೆ ಆ ವಾಸನೆ ಅಭ್ಯಾಸವಾಗಿಹೋಗಿತ್ತು. ಮೇಜಿನ ಕೆಳಗೆ ಟಾರ್ಚ್ ಹಿಡಿದು ತೆವಳಿಕೊಂಡು ಹೋದೆ. ರೀಪರ್ ಉದ್ದಕ್ಕೂ ಬಿಳೀ ಉಪ್ಪು ಹತ್ತಿಯ ಹಾಗೆ ಅರಳಿತ್ತು. ಡ್ರಿಲ್ ತೂತುಗಳ ಕೆಳಗೆ ಒಂದೊಂದಕ್ಕೂ ಒಂದೊಂದು ಕಂದು ಗೆರೆ ಇಳಿದಿತ್ತು. ಪ್ಲೈವುಡ್ ತುದಿಯನ್ನು ಬೆರಳಲ್ಲಿ ಒತ್ತಿದರೆ ಉಗುರು ಒಳಗೆ ಹೋಯಿತು. ಗುಡ್ಡದ ಹಿಂಭಾಗ ಪೂರ್ತಿ ಕಪ್ಪು ಬೂಷ್ಟು. ಸೇತುವೆಯ ಗೋಡೆ ಕಡೆಯ ಕಮಾನುಗಳಲ್ಲಿ ರಟ್ಟಿನ ಪದರಗಳು ಬಿಟ್ಟುಕೊಂಡು ಸುರುಳಿ ಸುತ್ತಿದ್ದವು. ಜಲ್ಲಿ ಅಂಟಿಸಿದ್ದ ಬಿಳಿ ಅಂಟು ಮತ್ತೆ ಮೆತ್ತಗಾಗಿ ಕೈಗೆ ಬಂತು.

ಅಷ್ಟರಲ್ಲಿ ಮುಂದಿನ ಕಬ್ಬಿಣದ ಕಾಲು ಹಿಡಿದು ಏಳಲು ಹೋದೆ. ಕೈ ಜುಮ್ ಅಂದಿತು.

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಳಿಯಲ್ಲಿ ಹರಿಯುವುದು 12 ವೋಲ್ಟ್, ಮಕ್ಕಳು ಮುಟ್ಟಿದರೂ ಏನೂ ಆಗುವುದಿಲ್ಲ ಅಂತ ನಾವೆಲ್ಲ ಹೇಳುತ್ತೇವೆ. ನಿಜ. ಆದರೆ ಅಡಾಪ್ಟರಿಗೆ ಬರುವುದು 230 ವೋಲ್ಟ್. ನನ್ನ ಎಕ್ಸ್‌ಟೆನ್ಷನ್ ಬಾಕ್ಸನ್ನು ಅದೇ ಒದ್ದೆ ರೀಪರಿಗೆ ಸ್ಕ್ರೂ ಮಾಡಿದ್ದೆ. ಮನೆಯ ಬೋರ್ಡಿನಲ್ಲಿ ಎಂಸಿಬಿ ಮಾತ್ರ ಇತ್ತು. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಅದು ಬೀಳುತ್ತದೆ. ಮೈಮೇಲೆ ಕರೆಂಟ್ ಹರಿದರೆ ಬೀಳುವುದಿಲ್ಲ. ಅದಕ್ಕೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಆ ಮೇಜಿನ ಕೆಳಗೆ ಬರಿಗಾಲಲ್ಲಿ ಮಗಳು ಎಷ್ಟು ಸಲ ಕೂತಿದ್ದಳೋ. ಈಗಲೂ ನೆನೆಸಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ. ಉಳಿದದ್ದು ಏನು ಮಾಡದಿದ್ದರೂ ಇದೊಂದನ್ನು ಹಾಕಿಸಿಕೊಳ್ಳಿ. ಬಾಕ್ಸನ್ನು ನೆಲದಿಂದ, ಗೋಡೆಯಿಂದ ದೂರ ಇಡಿ.

ಸೆಲ್ಲಾರಿಗೆ ವಾಟರ್‌ಪ್ರೂಫಿಂಗ್ ಆಗಿತ್ತು. ಮಾಡಿದವರು ಹತ್ತು ವರ್ಷ ಗ್ಯಾರಂಟಿ ಕೊಟ್ಟಿದ್ದರು. ಫೋನ್ ಮಾಡಿದೆ. "ಸಾರ್, ನೀವು ಗೋಡೆಗೆ ಡ್ರಿಲ್ ಹಾಕಿದ್ದೀರ, ಗ್ಯಾರಂಟಿ ಹೋಯ್ತು" ಅಂದರು. ಡ್ರಿಲ್ ಹಾಕಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಅವರು ಬಳಿದದ್ದು ಗೋಡೆಯ ಒಳಗಡೆಗೆ. ಮಣ್ಣಿನ ಕಡೆಯಿಂದ ನೀರು ತಳ್ಳಿದರೆ ಒಳಗಿನ ಲೇಪ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಲೇಪ ಮಣ್ಣಿನ ಕಡೆಗೆ, ಗೋಡೆಯ ಹೊರಮೈಗೆ ಇರಬೇಕು. ಅದನ್ನು ಮನೆ ಕಟ್ಟುವಾಗ, ಮಣ್ಣು ಮುಚ್ಚುವ ಮೊದಲೇ ಮಾಡಬೇಕು. ಸೆಲ್ಲಾರ್ ಕಟ್ಟಿಸುತ್ತಿರುವವರು ಆ ದಿನ ಕೆಲಸಕ್ಕೆ ರಜೆ ಹಾಕಿಯಾದರೂ ಸೈಟಿನಲ್ಲಿ ನಿಂತು ನೋಡಿ. ಗ್ಯಾರಂಟಿ ಕಾಗದದಲ್ಲಿ ಯಾವ ಗೋಡೆ, ಯಾವ ಮೈ ಅಂತ ಬರೆಸಿಕೊಳ್ಳಿ. ನನ್ನ ಕಾಗದದಲ್ಲಿ ಇದ್ದದ್ದು ಒಂದೇ ಸಾಲು, ಮೊತ್ತ, ಸಹಿ.

ಮಳೆ ನೀರು ಅಂತಲೇ ನಾನು ತಿಳಿದಿದ್ದೆ. ಆದರೆ ನಾಲ್ಕು ದಿನ ಮಳೆ ಇಲ್ಲದಿದ್ದರೂ ಗೋಡೆ ಒದ್ದೆಯಾಗಿಯೇ ಇತ್ತು. ನಮ್ಮ ಪ್ಲಂಬರ್ ಬಂದು ಸುತ್ತ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸಾರ್, ಸಂಪು ಎಲ್ಲಿದೆ?" ಸಂಪು ಇದ್ದದ್ದು ಸರಿಯಾಗಿ ಆ ಗೋಡೆಯ ಆಚೆಗೆ. ಅವರು ಹೇಳಿದ ಹಾಗೆ ರಾತ್ರಿ ಹತ್ತಕ್ಕೆ ವಾಲ್ವ್ ಮುಚ್ಚಿ, ಮೋಟಾರ್ ಆಫ್ ಮಾಡಿ, ಬಿದಿರು ಕಡ್ಡಿ ಇಳಿಸಿ ನೀರಿನ ಗುರುತು ಹಾಕಿದೆ. ಬೆಳಿಗ್ಗೆ ಆರಕ್ಕೆ ಒಂದು ಇಂಚು ಇಳಿದಿತ್ತು. ನಮ್ಮ ಸಂಪು 8 ಅಡಿಗೆ 5 ಅಡಿ. ಅದರಲ್ಲಿ ಒಂದು ಇಂಚು ಎಂದರೆ ಸುಮಾರು 94 ಲೀಟರ್. ಟ್ಯಾಂಕಿನಲ್ಲಿದ್ದ ನೀರಲ್ಲೇ ಕಾಲ ಕಳೆದು, ಎರಡು ದಿನ ಹಾಗೇ ಬಿಟ್ಟೆವು. ನೀರು ಒಂದು ಮಟ್ಟಕ್ಕೆ ಇಳಿದು ನಿಂತಿತು. ಆ ಮಟ್ಟದಲ್ಲೇ ತಾರಸಿಯ ಮಳೆನೀರಿನ ಪೈಪು ಸಂಪಿಗೆ ಸೇರುತ್ತಿತ್ತು. ಮನೆ ಮುಗಿದ ಮೇಲೆ ಸಂಪಿನ ಗೋಡೆ ಒಡೆದು ಕೂಡಿಸಿದ ಪೈಪು. ಅದರ ಸುತ್ತ ಸಿಮೆಂಟ್ ಬಿರುಕು ಬಿಟ್ಟಿತ್ತು.

ಬೇಸಿಗೆಯಲ್ಲಿ ನಮ್ಮ ಸಂಪು ಅರ್ಧಕ್ಕಿಂತ ಮೇಲೆ ನಿಲ್ಲುತ್ತಿರಲಿಲ್ಲ. ಬಿರುಕು ಇದ್ದದ್ದು ಅದಕ್ಕಿಂತ ಮೇಲೆ. ಮಳೆ ಹಿಡಿದ ಮೇಲೆ ತಾರಸಿ ನೀರು ಬಂದು ಸಂಪು ಕಂಠಪೂರ್ತಿ ತುಂಬುತ್ತಿತ್ತು, ಆಗಲೇ ಸೋರುತ್ತಿತ್ತು. ಫೆಬ್ರವರಿಯಲ್ಲಿ ಗೋಡೆ ಒಣಗಿದ್ದದ್ದು ಅದಕ್ಕೇ.

ಮೇಜು ಹೊರಗೆ ತೆಗೆಯುವುದು ಇನ್ನೊಂದು ಕಷ್ಟ. ಒಂದೊಂದು ತುಂಡನ್ನು ಕೆಳಗೇ ಜೋಡಿಸಿದ್ದೆವು. ಮೆಟ್ಟಿಲ ತಿರುವಿನಲ್ಲಿ ನಾಲ್ಕೂವರೆ ಅಡಿ ಹಾಯುವುದಿಲ್ಲ. ಕೊಯ್ಯದೆ ಬೇರೆ ದಾರಿ ಇರಲಿಲ್ಲ. ಕೊಯ್ಯುವ ಗೆರೆ ಸೇತುವೆಯ ಮೇಲೇ ಬಂತು. ಅಪ್ಪನ ಹ್ಯಾಕ್ಸಾದಲ್ಲಿ ಹಳಿ ಕೊಯ್ದೆ, ಗರಗಸದಲ್ಲಿ ಉಳಿದದ್ದು. ಮಗಳು ಮೇಲೆ ಹೋಗಿಬಿಟ್ಟಳು. 9ರಲ್ಲಿ 3 ಕಮಾನು ಚೆನ್ನಾಗಿ ಉಳಿದವು. ಆ ದಸರಾಕ್ಕೆ ಅವಳು ಅದನ್ನು ಗೊಂಬೆ ಮೆಟ್ಟಿಲ ಕೆಳಗೆ, ಪಾರ್ಕಿನ ಪಕ್ಕ ಇಟ್ಟಳು. ಹಳಿಗಳಲ್ಲಿ ಮುಕ್ಕಾಲು ಪಾಲು ಉಳಿಯಿತು. ಅವು ನಿಕಲ್ ಸಿಲ್ವರ್, ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಜಾಯಿನರ್‌ಗಳು, ಹಳಿ ಕವಲೊಡೆಯುವ ಪಾಯಿಂಟ್ ತಿರುಗಿಸುವ ಮೋಟಾರ್‌ಗಳು ಎಲ್ಲ ಹೋದವು.

ನಿಮ್ಮ ಸೆಲ್ಲಾರಿನಲ್ಲಿ ಒಂದು ಮಳೆಗಾಲ ಪೂರ್ತಿ ಏನನ್ನೂ ಕಟ್ಟಬೇಡಿ. ಸುಮ್ನೆ ಖಾಲಿ ಬಿಡಿ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೊಂದು, ಪ್ರತಿ ಗೋಡೆಗೊಂದು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಒಂದು ದಿನ ಬಿಟ್ಟು ತೆಗೆದು ನೋಡಿ. ಹಾಳೆಯ ಅಡಿಯಲ್ಲಿ ಹನಿ ಇದ್ದರೆ ನೀರು ಗೋಡೆಯಿಂದ ಬರುತ್ತಿದೆ. ಮೇಲ್ಮೈಯಲ್ಲಿ ಮಾತ್ರ ಇದ್ದರೆ ಗಾಳಿಯ ತೇವ, ಫ್ಯಾನಿಗೆ ಹೋಗುತ್ತದೆ. ಜೋರು ಮಳೆ ಬಂದ ಮಾರನೇ ದಿನ ಮತ್ತೆ ಮಾಡಿ. ಸಂಪು ತುಂಬಿದ ದಿನವೂ ಮಾಡಿ. ಆ ಸಮಯದಲ್ಲಿ ಕಾಗದದ ಮೇಲೆ ಪ್ಲಾನ್ ಹಾಕುತ್ತಿರಿ, ಸ್ಟೇಷನ್ ಕಟ್ಟಡ ಮಾಡಿ, ಬೋಗಿಗೆ ಬಣ್ಣ ಹಚ್ಚಿ. ಇವನ್ನೆಲ್ಲ ಮೇಲಿನ ಕೋಣೆಯಲ್ಲೇ ಮಾಡಬಹುದು.

ನಾವು ಸಂಪಿನ ಒಳಗೆ ಪೂರ್ತಿ ಹೊಸ ಪ್ಲಾಸ್ಟರ್ ಮಾಡಿಸಿದೆವು. ಪೈಪಿನ ದಾರಿ ಬದಲಾಯಿಸಿ ಮೇಲಿನಿಂದ ಕೊಟ್ಟೆವು. ಈಗ ಒಂದು ಮಳೆಗಾಲ ಕಳೆದಿದೆ, ಗೋಡೆ ಒಣಗಿದೆ. ಇನ್ನೊಂದು ಕಳೆಯಲಿ ಅಂತ ಕಾಯುತ್ತಿದ್ದೇನೆ. ಹೊಸ ಪ್ಲಾನಿನಲ್ಲಿ ಉದ್ದಕ್ಕೂ ಒಂದೂವರೆ ಅಡಿ ಅಗಲದ ಹಲಗೆ ಮಾತ್ರ. ತಿರುವಿನ ಎರಡು ತುದಿಗಳಿಗೆ ಗಾಲಿ ಕಾಲು, ಎಳೆದರೆ ಈಚೆ ಬರಬೇಕು. ಯಾವ ತುಂಡೂ ನಾಲ್ಕಡಿಗಿಂತ ಉದ್ದ ಇಲ್ಲ. ತಿರುವಿನ ತುದಿ ಅಗಲಕ್ಕೆ ನಡುವೆ ಬಿಚ್ಚಿ ಎರಡಾಗುತ್ತದೆ. ಬೋಲ್ಟ್ ತೆಗೆದು ಇಬ್ಬರು ಹಿಡಿದರೆ ಮೆಟ್ಟಿಲು ಹತ್ತಬೇಕು. ಗೋಡೆಗೆ ಒಂದು ಮೊಳೆಯೂ ಇಲ್ಲ.

ಹಳೇ ಪ್ಲಾನಿನ ಹಾಳೆಗಳನ್ನು ಎಸೆದಿಲ್ಲ. ಯಾರಿಗಾದರೂ ಬೇಕಿದ್ದರೆ ಕೇಳಿ, ಫೋಟೋ ತೆಗೆದು ಕಳಿಸುತ್ತೇನೆ. ಮೇಜು ಗೋಡೆಗೆ ತಾಗುವ ಕಡೆ ಬಿಡಬೇಕಿದ್ದ ಎರಡಡಿ ದಾರಿಯನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.